ಶಂಕರಿ ಎಣಿಸದ ಮರಿಗಳು

ದಿಡುಪೆಯಲ್ಲಿ ಬಸ್ಸು ತಿರುಗಿ ವಾಪಸು ಹೋಗುತ್ತದೆ. ಶಂಕರಿ ಅಲ್ಲಿಂದ ಮೇಲೆ ಎರಡು ಗಂಟೆ ಗುಡ್ಡ ಹತ್ತಬೇಕು. ಹನ್ನೊಂದು ವರ್ಷ, ವಾರಕ್ಕೆ ಮೂರು ದಿನ, ಒಬ್ಬಳೇ ಹತ್ತಿದ್ದಾಳೆ. ಕೈಯಲ್ಲಿ ಕತ್ತಿ, ಬುತ್ತಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಫಾರಂ. ಮೇಲಿನ ಕಾಡಿನಲ್ಲಿರುವ ಸಿಂಗಳೀಕಗಳ ಒಂದೇ ಗುಂಪನ್ನು ಎಣಿಸಿ ಬರೆಯುವುದು ಅವಳ ಕೆಲಸ. ಕೆಲಸ ಕೊಟ್ಟದ್ದು ದೂರದ ನಗರದ ಒಂದು ಸಂಶೋಧನಾ ಸಂಸ್ಥೆ. ಅಲ್ಲಿಯವರು ಯಾರೂ ಆ ಗುಡ್ಡದ ತುದಿ ಕಂಡವರಲ್ಲ. ಮೊದಲ ವರ್ಷ ಒಬ್ಬರು ಅರ್ಧ ದಾರಿಗೆ ಬಂದು ಜಿಗಣೆಗೆ ಹೆದರಿ ಇಳಿದರು. ವರದಿಯ ಮುಖಪುಟದಲ್ಲಿ ಅವರ ಹೆಸರಿದೆ. ಶಂಕರಿಯದ್ದು ಎಲ್ಲಿಯೂ ಇಲ್ಲ.

ಫಾರಮಿನಲ್ಲಿ ಮೂರು ಕಾಲಂ: ಗಂಡು, ಹೆಣ್ಣು, ಮರಿ. ಮೂರನೆಯದನ್ನು ಶಂಕರಿ ಒಮ್ಮೆಯೂ ತುಂಬಲಿಲ್ಲ. ಅಂಚೆಯಲ್ಲಿ ಹೋದ ಹಾಳೆಯನ್ನು ಅಲ್ಲಿ ಯಾರೋ ಕಂಪ್ಯೂಟರಿಗೆ ಹಾಕುವಾಗ ಖಾಲಿ ಜಾಗದಲ್ಲೆಲ್ಲ ಸೊನ್ನೆ ಒತ್ತಿದರು. ಆ ಸೊನ್ನೆಗಳಿಂದ ವರದಿ ಹುಟ್ಟಿತು: ಈ ಗುಂಪಿಗೆ ಸಂತಾನವಿಲ್ಲ, ಗಮನಿಸಿ ಪ್ರಯೋಜನವಿಲ್ಲ, ಗುಡ್ಡವನ್ನು ಸಮೀಕ್ಷೆಯ ಪಟ್ಟಿಯಿಂದ ಕೈಬಿಡಬಹುದು. ಅದೇ ಹಾಳೆಗಳಲ್ಲಿ ಹದಿನಾಲ್ಕಿದ್ದ ಗುಂಪು ಇಪ್ಪತ್ತೆರಡಾಗಿದೆ. ಎಂಟು ಸಿಂಗಳೀಕಗಳು ಆಕಾಶದಿಂದ ಉದುರಿದವೇ ಸ್ವಾಮಿ? ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಕೇಳಿದವಳು ದೀಕ್ಷಿತಾ. ಉಜಿರೆಯಲ್ಲಿ ಕಾಲೇಜು ಕಲಿಯುವ ಹುಡುಗಿ, ಪ್ರಾಜೆಕ್ಟಿಗಾಗಿ ಸಂಸ್ಥೆಯಿಂದ ತರಿಸಿದ ಹಳೆಯ ಹಾಳೆಗಳನ್ನೂ ವರದಿಯನ್ನೂ ಹಿಡಿದು, ದಿಡುಪೆಯಲ್ಲಿ ವಿಚಾರಿಸಿ ಶಂಕರಿಯ ಮನೆಗೇ ಬಂದಳು.

"ಶಂಕರಿಯಕ್ಕ, ಇವು ಮರಿ ಹಾಕುದೇ ಇಲ್ವಾ?"

"ಹಾಕದೆ? ಈಗಲೂ ಉಂಟು."

"ಮತ್ತೆ ಯಾಕೆ ಬರೀಲಿಲ್ಲ?"

"ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯುವವನ್ನು ಯಾರಾದ್ರೂ ಎಣಿಸ್ತಾರಾ ಮಾರಾಯ್ತಿ? ದೃಷ್ಟಿ ತಾಗ್ತದೆ. ನಿನ್ನ ಅಜ್ಜಿ ಹೇಳಿ ಕೊಡ್ಲಿಲ್ವಾ? ತಾಯಿಯನ್ನು ಬಿಟ್ಟು ಕೊಂಬೆ ಹಿಡಿದ ಮೇಲೆ ಬರೀತೇನಲ್ಲ, ಗಂಡೋ ಹೆಣ್ಣೋ ಅಂತ."

ದೀಕ್ಷಿತಾ ವರದಿಯನ್ನು ಓದಿ ಹೇಳಿದಳು. "ಅಕ್ಕ, ನೀವು ಎಣಿಸದ್ದಕ್ಕೆ ಅವು ಹುಟ್ಟಲೇ ಇಲ್ಲ ಅಂತ ಆಯ್ತು. ಬರುವ ತಿಂಗಳಿಂದ ಈ ಗುಡ್ಡ ಇಲ್ಲ."

"ಗುಡ್ಡ ಎಲ್ಲಿಗೆ ಹೋಗ್ತದೆ?" ಎಂದು ಶಂಕರಿ ನಕ್ಕಳು. ಆಮೇಲೆ ನಗಲಿಲ್ಲ.

ಶಂಕರಿಗೂ ಹಿಂದೊಮ್ಮೆ ಒಂದು ಮಗು ಆಗಿತ್ತು. ಅಂಗಳದಲ್ಲಿ ನಿಂತ ಯಾರೋ "ಈಗ ನೀವು ಮನೆಯಲ್ಲಿ ಐದು ಜನ" ಎಂದು ಎಣಿಸಿ ಹೋದರಂತೆ. ಮರುದಿನ ಜ್ವರ. ಎರಡು ತಿಂಗಳ ಕೂಸು ಉಳಿಯಲಿಲ್ಲ. ಆಸ್ಪತ್ರೆಗೆ ದಾರಿಯಿರಲಿಲ್ಲ, ಅದೇ ಕಾರಣ ಎಂದು ನಾವು ಪೇಟೆಯಲ್ಲಿ ಕೂತು ಹೇಳಬಹುದು. ಅತ್ತೆ ಮಾವ ಹೋಗಿ, ಗಂಡನೂ ತೀರಿಕೊಂಡು ಒಂಬತ್ತು ವರ್ಷವಾದ ಆ ಮನೆಯಲ್ಲಿ, ಅವಳೊಬ್ಬಳೇ ಕೂತಿರುವಾಗ ಹೇಳಿ ನೋಡಿ.

ದೀಕ್ಷಿತಾ ಬಂದು ಹೋದ ಮರುದಿನ ಬೆಳಿಗ್ಗೆ ಶಂಕರಿ ಹತ್ತಿದಳು. ಹೆಬ್ಬಲಸಿನ ಮರದಲ್ಲಿ ಗುಂಪು ಹಣ್ಣು ಬಿಡಿಸುತ್ತಿತ್ತು. ತಾಯಂದಿರ ಹೊಟ್ಟೆಯ ಕಪ್ಪಿನಲ್ಲಿ ಪುಟ್ಟ ಗುಲಾಬಿ ಮುಖಗಳು. ಬೆರಳು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಮೂರು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಆ ಕಾಲಂ ತುಂಬಿತು.

ದೀಕ್ಷಿತಾ ಹಾಳೆಯ ಫೋಟೋ ತೆಗೆದು ಸಂಸ್ಥೆಗೆ ಕಳಿಸಿದಳು. ಹತ್ತು ದಿನಕ್ಕೆ ಉತ್ತರ ಬಂತು: ಪಟ್ಟಿ ಅಂತಿಮಗೊಂಡಿದೆ, ಮುಂದಿನ ಸಮೀಕ್ಷೆಯಲ್ಲಿ ಪರಿಗಣಿಸಲಾಗುವುದು. ಮುಂದಿನ ಸಮೀಕ್ಷೆ ಐದು ವರ್ಷಕ್ಕೆ. ಅಷ್ಟರವರೆಗೆ ಅಲ್ಲಿ ಏನು ಹುಟ್ಟಿದರೂ, ಏನು ಸತ್ತರೂ, ಯಾವ ಕಾಗದಕ್ಕೂ ಗೊತ್ತಾಗುವುದಿಲ್ಲ.

ಕೆಲಸ ಹೋಯಿತು. ಶಂಕರಿ ಈಗ ವಾರಕ್ಕೆ ಮೂರು ದಿನವಲ್ಲ, ದಿನಾ ಹತ್ತುತ್ತಾಳೆ. ಫಾರಂ ಇಲ್ಲ, ಬುತ್ತಿ ಮಾತ್ರ. ದೀಕ್ಷಿತಾ ಒಮ್ಮೆ ಫೋನಿನಲ್ಲಿ ಕೇಳಿದಳು, "ಅಕ್ಕ, ಮೂರೂ ಉಂಟಲ್ವಾ?"

"ಕೇಳಬೇಡ ಮಗಾ. ಎಣಿಸಿದವಳು ನಾನು. ಅವನ್ನು ನಾನೇ ಕಾಯ್ತೇನೆ."

ಮರದ ಬುಡದಲ್ಲಿ ಬೆನ್ನು ತಿರುಗಿಸಿ ಕೂರುತ್ತಾಳೆ. ಮೇಲಿಂದ ಹಣ್ಣಿನ ಸಿಪ್ಪೆ ಬೀಳುವ ಸದ್ದು ಕೇಳಿಸಿಕೊಳ್ಳುತ್ತಾಳೆ. ತಲೆ ಎತ್ತಿ ನೋಡುವುದಿಲ್ಲ.