ಪರದೆಯ ಮೇಲೆ ಬಂದ ಸಾಕ್ಷಿ

ಹಳೆಯ ಕಡತಗಳಿಗೆ ಒಂದಿಷ್ಟು ಬಿಸಿಲು ಕಾಣಿಸೋಣವೆಂದು ಇವತ್ತು ಬೆಳಿಗ್ಗೆ ನನ್ನ ಕಛೇರಿಯ ಕಪಾಟು ತೆರೆದರೆ, ಮೊದಲು ಕೈಗೆ ಬಂದದ್ದು ನ್ಯೂಜಿಲೆಂಡಿನ ಅಂಚೆಚೀಟಿ ಹೊತ್ತ ದಪ್ಪ ಲಕೋಟೆ. ಮೂಸಿ ನೋಡಿದೆ, ಬರೀ ನುಸಿಗುಳಿಗೆಯ ವಾಸನೆ. ಆದರೂ ಅದನ್ನು ಕೆಳಗಿಡಲು ಮನಸ್ಸಾಗಲಿಲ್ಲ ನೋಡಿ!

ಆಗ ನಾನು ಕಾಸರಗೋಡಿನಲ್ಲಿ ಶೆಟ್ಟರೆಂಬ ಹಿರಿಯ ವಕೀಲರ ಬಳಿ ಜೂನಿಯರ್. ಕಪ್ಪು ಕೋಟು ಹೊಸತು, ನನಗೆಲ್ಲ ತಿಳಿದಿದೆ ಎಂಬ ಠೀವಿ ಅದಕ್ಕಿಂತಲೂ ಹೊಸತು. ನಮ್ಮ ಕಕ್ಷಿದಾರಳು ಲವೀನಾ. ಪೈವಳಿಕೆಯ ಕೊಂಕಣಿ ಕ್ರೈಸ್ತ ಮನೆಯವಳು, ಉಪ್ಪಳದ ಶಾಲೆಯೊಂದರಲ್ಲಿ ಟೀಚರ್. ನ್ಯೂಜಿಲೆಂಡಿನಲ್ಲಿ ಸಂಸಾರ ಮಾಡಿ, ಅದು ಮುರಿದ ಮೇಲೆ ಗಂಡನ ಒಪ್ಪಿಗೆಯಿಂದಲೇ ಮಗಳು ಅನಿಷಾಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಮಗುವಿಗೆ ಏಳು ವರ್ಷ. ಬೇಸಿಗೆ ರಜೆಗೆ ಅವಳನ್ನು ತನ್ನಲ್ಲಿಗೆ ಕಳಿಸಬೇಕೆಂದು ಅಲ್ಲಿಂದ ತಂದೆ ರೋಶನ್ ಇಲ್ಲಿನ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದ.

"ಅಲ್ಲಿಗೆ ಹೋದ ಮೇಲೆ ಕಳಿಸುವುದಿಲ್ಲ ಅಂತ ಹೇಳಿದರೆ ನಾನು ಎಂತ ಮಾಡುವುದು ಮೇಡಂ?" ಎಂದು ಮೊದಲ ದಿನವೇ ಲವೀನಾ ಕೇಳಿದ್ದಳು. "ಇಲ್ಲಿನ ಆರ್ಡರ್ ಅಲ್ಲಿ ನಡೀತದಾ? ಮಗು ವಾಪಸ್ ಬರುವ ಹಾಗೆ ಎಂತಾದರೂ ದಾರಿ ಉಂಟಾ?"

"ನಡೆಯುವುದಿಲ್ಲ. ಆದ್ದರಿಂದ ಕಳಿಸುವುದೇ ಬೇಡ" ಎಂದೆ. ಅವಳ ಕೊನೆಯ ಪ್ರಶ್ನೆ ನನ್ನ ಕಿವಿಯ ಪಕ್ಕದಿಂದ ಹಾದುಹೋಯಿತು.

ಇಂಟರ್ನೆಟ್ಟಿನಿಂದ ಆ ದೇಶದ ಕಾಯಿದೆಯನ್ನು ಇಳಿಸಿ, ಹಳದಿ ಚೀಟಿ ಅಂಟಿಸಿ, ನ್ಯಾಯಾಧೀಶರ ಮುಂದೆ ಹಿಡಿದೆ. ಅವರು ಪುಟ ತಿರುವಲೂ ಇಲ್ಲ. "ನಮ್ಮ ಕಾನೂನಾದರೆ ನಾನೇ ಓದಿಕೊಳ್ಳುತ್ತೇನೆ. ಪರದೇಶದ ಕಾನೂನನ್ನು ನೀವು ಸಾಕ್ಷಿಯಿಂದ ಸಾಬೀತು ಮಾಡಬೇಕು. ಅದನ್ನು ಬಲ್ಲವರನ್ನು ಕರೆಯಿರಿ" ಎಂದರು.

ಹೊರಗೆ ವರಾಂಡದಲ್ಲಿ ಶೆಟ್ಟರು ನಕ್ಕರು. "ಎಂತ ಮಾರಾಯ್ತಿ, ಇಂಗ್ಲಿಷ್ ಓದಲಿಕ್ಕೆ ಬಂದರೆ ಅವರ ಕಾನೂನೂ ಬಂತು ಅಂತ ಗ್ರಹಿಸಿದೆಯಾ?"

ಆಮೇಲೆ ಶುರುವಾಯಿತು ಹುಡುಕಾಟ. ಕಂಡಕಂಡ ವಕೀಲರಿಗೆಲ್ಲ ಇಮೇಲ್ ಬರೆದೆ. ನಾನು ಬೆಳಗಿನ ನೀರುದೋಸೆ ತಿನ್ನುವಾಗ ಅಲ್ಲಿ ಅವರು ಕಛೇರಿ ಮುಚ್ಚುವ ಹೊತ್ತು. ಹೀಗಾಗಿ ಎದ್ದ ಕೂಡಲೇ ಫೋನು ನೋಡುವ ಚಟವೂ ಅಂಟಿಕೊಂಡಿತು. ಒಂದು ದಿನ ಹೆಲೆನ್ ಎಂಬವರ ಉತ್ತರ ಬಂತು. ಕುಟುಂಬದ ದಾವೆಗಳಲ್ಲೇ ಕೂದಲು ನರೆತ ವಕೀಲೆ. ಖುಷಿಯಲ್ಲಿ ನಾನು ಬರೆದೆ: 'ಇಲ್ಲಿನ ಆದೇಶ ನಿಮ್ಮಲ್ಲಿ ನಡೆಯುವುದಿಲ್ಲವೆಂದು ದಯವಿಟ್ಟು ದೃಢಪಡಿಸಿ.'

ಮರುದಿನವೇ ಅವರ ಪತ್ರ: 'ನೀವು ಉತ್ತರವನ್ನೇ ಕಳಿಸಿದ್ದೀರಿ. ನನಗೆ ಬೇಕಾದ್ದು ಪ್ರಶ್ನೆ. ಎರಡೂ ಕಡೆಯ ಕಾಗದಗಳನ್ನು ಕಳಿಸಿ. ಕರೆಯುವವರು ನೀವಾದರೂ ನಾನು ನೆರವಾಗಬೇಕಾದ್ದು ನ್ಯಾಯಾಧೀಶರಿಗೆ.'

ಕಿವಿ ಬಿಸಿಯಾಯಿತು. ಶೆಟ್ಟರು ಪಕ್ಕದಲ್ಲಿ ಕೂತು ಪ್ರಶ್ನೆಗಳನ್ನು ತಿದ್ದಿಸಿದರು. ತಿಂಗಳ ಬಳಿಕ ಹೆಲೆನ್ ಅವರ ಪ್ರಮಾಣಪೂರ್ವಕ ವರದಿ ಇದೇ ದಪ್ಪ ಲಕೋಟೆಯಲ್ಲಿ ಬಂತು. ಭಾರತದ ಆದೇಶವನ್ನು ಅಲ್ಲಿ ನೇರವಾಗಿ ಜಾರಿ ಮಾಡಲು ಬರುವುದಿಲ್ಲವೆಂದು ಅದರಲ್ಲಿ ಸ್ಪಷ್ಟವಾಗಿತ್ತು. ನಾನು ಕುಣಿಯುವುದೊಂದು ಬಾಕಿ. "ತಡಿ, ಎದುರು ವಕೀಲರ ಪಾಟೀಸವಾಲು ಆಗಲಿಕ್ಕುಂಟು" ಎಂದರು ಶೆಟ್ಟರು.

ಸಾಕ್ಷಿ ವಿಚಾರಣೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ನ್ಯಾಯಾಲಯದ ಪರದೆಯಲ್ಲಿ ಹೆಲೆನ್ ಮೂಡಿದರು. ಎರಡು ಸಲ ಕಡಿದ ಸಂಪರ್ಕ ಮತ್ತೆ ಕೂಡಿತು. ನಮ್ಮ ಪ್ರಶ್ನೆಗಳೆಲ್ಲ ಸಲೀಸಾಗಿ ಮುಗಿದವು. ಆಗ ರೋಶನ್‌ನ ವಕೀಲರು ಎದ್ದರು. "ಮಗು ಮರಳುವಂತೆ ಮಾಡಲು ನಿಮ್ಮ ಕಾನೂನಿನಲ್ಲಿ ದಾರಿಯೇ ಇಲ್ಲವೇ?"

"ಇದೆ" ಎಂದರು ಹೆಲೆನ್. "ತಂದೆ ನಮ್ಮ ದೇಶದಲ್ಲಿದ್ದಾರೆ. ಮಗು ವಿಮಾನ ಹತ್ತುವ ಮೊದಲೇ ಇಬ್ಬರೂ ಒಪ್ಪಿ, ನಿಮ್ಮ ನ್ಯಾಯಾಲಯ ಹಾಕುವ ಷರತ್ತುಗಳದ್ದೇ ಆದೇಶವನ್ನು ನಮ್ಮ ನ್ಯಾಯಾಲಯದಲ್ಲೂ ಪಡೆಯಬಹುದು. ಆಮೇಲೆ ತಡೆದರೆ ಅವರು ಮೀರುವುದು ನಮ್ಮದೇ ಆದೇಶವನ್ನು. ಪೂರ್ತಿ ಖಾತ್ರಿ ಯಾವ ಕಾನೂನೂ ಕೊಡದು. ಆದರೆ ಮಗುವನ್ನು ಮರಳಿಸಲು ಪೊಲೀಸರ ನೆರವನ್ನೂ ಕೇಳಬಹುದು."

ನಾನೇ ಹುಡುಕಿ ತಂದ ಸಾಕ್ಷಿ! ಎದುರು ಪಕ್ಷಕ್ಕೆ ಬಾಗಿಲು ತೆರೆದುಕೊಟ್ಟರಲ್ಲ ಎಂದು ಕುಸಿದು ಕೂತೆ. ಅಳುಕುತ್ತ ಲವೀನಾಳತ್ತ ತಿರುಗಿದರೆ ಅವಳ ಕಣ್ಣು ಹೊಳೆಯುತ್ತಿತ್ತು.

"ಮೇಡಂ, ನಾನು ಕೇಳಿದ್ದು ಇದನ್ನೇ ಅಲ್ವಾ?" ಎಂದು ಪಿಸುಗುಟ್ಟಿದಳು. "ಅವಳನ್ನು ಪಪ್ಪನಿಂದ ದೂರ ಮಾಡ್ಬೇಕು ಅಂತ ನಾನು ಯಾವತ್ತು ಹೇಳಿದ್ದೇನೆ? ವಾಪಸ್ ಬರ್ತಾಳಾ ಅಂತ ಕೇಳಿದ್ದು."

ಇಷ್ಟು ತಿಂಗಳು ಗೆಲ್ಲುವ ಹುಚ್ಚಿನಲ್ಲಿ ನಾನು ಕೇಳಿಸಿಕೊಳ್ಳದ ಪ್ರಶ್ನೆಗೆ ಸಾವಿರಾರು ಮೈಲಿ ದೂರದ ವಕೀಲೆ ಉತ್ತರಿಸಿದ್ದರು. ನಾಚಿಕೆಯೂ ಸಂಭ್ರಮವೂ ಒಟ್ಟಿಗೇ ಉಕ್ಕಿದ ಅಂಥ ಗಳಿಗೆ ನನ್ನ ವೃತ್ತಿಯಲ್ಲಿ ಮತ್ತೆ ಬಂದಿಲ್ಲ.

ರೋಶನ್ ಒಪ್ಪಿದ, ಅಲ್ಲಿಯೂ ಆದೇಶವಾಯಿತು, ಮಗು ರಜೆಗೆ ತಂದೆಯ ಬಳಿ ಹೋಯಿತು. ಮೇ ಕೊನೆಗೆ, ಅವಳು ಮರಳಬೇಕಾದ ದಿನ, ಮಂಗಳೂರು ವಿಮಾನ ನಿಲ್ದಾಣಕ್ಕೆ ಯಾರೂ ಕರೆಯದಿದ್ದರೂ ನಾನೂ ಹೋದೆ. ಲವೀನಾ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ಬಾಗಿಲು ಸರಿಯಿತು. ಮುಂದಿನ ಹಲ್ಲು ಬಿದ್ದ ಅನಿಷಾ ಓಡೋಡಿ ಬಂದಳು. "ಮಮ್ಮಿ, ನಂಗೆ ಈಜ್ಲಿಕ್ಕೆ ಬರ್ತದೆ!" ಹಿಂದೆ ಟ್ರಾಲಿ ತಳ್ಳುತ್ತ ರೋಶನ್. ತಾನೇ ಕರೆತಂದಿದ್ದ. ಲವೀನಾ ಮಗಳನ್ನು ತಬ್ಬಿಕೊಂಡೇ ಅವನತ್ತ ತಿರುಗಿ, "ಚಾ ಕುಡಿದು ಹೋಗಿ" ಎಂದಳು.

ಇದನ್ನೆಲ್ಲ ನೆನೆಯುತ್ತ ಕೂತಿದ್ದಾಗಲೇ ನನ್ನ ಕಛೇರಿಗೆ ಒಬ್ಬರು ಬಂದರು. ಅವರ ಮಗ ತಾಯಿಯೊಂದಿಗೆ ಜರ್ಮನಿಯಲ್ಲಿದ್ದಾನಂತೆ.

"ಅಲ್ಲಿಯ ಕಾನೂನು ನಿಮಗೆ ಗೊತ್ತುಂಟಾ ಮೇಡಂ?"

"ಇಲ್ಲ" ಎಂದೆ. ಹೇಳಲು ಎಷ್ಟು ಹಗುರವೆನಿಸಿತು! "ಗೊತ್ತಿರುವವರನ್ನು ಹುಡುಕುವ. ಅದಕ್ಕಿಂತ ಮೊದಲು ನಿಮಗೆ ಎಂತ ಬೇಕು, ಅದನ್ನು ಹೇಳಿ."

ಅವರು ಹೇಳತೊಡಗಿದರು. ನಾನು ಪೆನ್ನು ಕೆಳಗಿಟ್ಟು ಕೇಳುತ್ತಿದ್ದೇನೆ.