ಎಣ್ಣೆಯ ಕಿಟಕಿ

ದೋಣಿಕಟ್ಟೆಯಲ್ಲಿ ಎಲ್ಲರೂ ಅವನನ್ನು ಎಣ್ಣೆ ಮಾಮ ಎನ್ನುತ್ತಿದ್ದರು. ದೋಣಿಗಳಿಂದ ಜಾರಿಬಿದ್ದ ಲಂಗರು, ಮೋಟಾರು, ಒಮ್ಮೆ ಯಾರದೋ ಹಲ್ಲಿನ ಸೆಟ್ಟು, ಎಲ್ಲವನ್ನೂ ಉಸಿರು ಬಿಗಿಹಿಡಿದು ಮುಳುಗಿ ತೆಗೆದುಕೊಡುವುದು ಅವನ ಕಸುಬು. ಇಳಿಯುವ ಮುಂಚೆ ಗಾಳಿ ಬರುವ ಕಡೆ ನಾಲ್ಕು ಹನಿ ಎಣ್ಣೆ ಬಿಡುತ್ತಿದ್ದ. ಅದು ತೆಳ್ಳಗೆ ಹರಡಿದಂತೆ ನೀರಿನ ಮೇಲಿನ ಸಣ್ಣ ಸುಕ್ಕುಗಳೆಲ್ಲ ಅಡಗಿ, ತಳದ ಕಲ್ಲುಗಳು ಕಿಟಕಿಯಲ್ಲಿ ಕಂಡಂತೆ ಕಾಣುತ್ತಿದ್ದವು.

"ಸಣ್ಣ ಅಲೆಯನ್ನ ನೀರಿನ ಚರ್ಮವೇ ಎಳೆದು ಹಿಡಿಯುತ್ತೆ ಕಣೇ. ಅದಕ್ಕೇ ಅದು ಎಣ್ಣೆಯ ಮಾತು ಕೇಳುತ್ತೆ," ಎಂದು ಹೆಂಡತಿಗೆ ಹೇಳುತ್ತಿದ್ದ. "ದೊಡ್ಡ ಅಲೆ ಓಡೋದು ತನ್ನ ತೂಕದ ಮೇಲೆ. ಅದು ಯಾರಪ್ಪನ ಮಾತೂ ಕೇಳಲ್ಲ."

"ನಿಮ್ಮಮ್ಮನ ಥರ," ಎನ್ನುತ್ತಿದ್ದಳು ಅವಳು.

ಎರಡು ದೋಣಿಗಳ ಅಲೆಗಳು ಒಂದರೊಳಗೊಂದು ಹಾಯ್ದು, ಏನೂ ಆಗದಂತೆ ತಮ್ಮ ದಾರಿ ಹಿಡಿಯುವುದನ್ನು ನೋಡುತ್ತ ಅವನು ಊಟವನ್ನೇ ಮರೆಯುತ್ತಿದ್ದ.

ಆ ದಿನ ಲಂಗರಿಗೆ ಹಗ್ಗ ಕಟ್ಟಲು ಇಳಿದವನ ಕಾಲು ತಳದ ಹಳೇ ಬಲೆಗೆ ಸಿಕ್ಕಿಕೊಂಡಿತು. ದೋಣಿಯಲ್ಲಿದ್ದ ಹೆಂಡತಿಗೆ ಎಲ್ಲವೂ ಕಂಡಿತು. ಅವನು ಕೊಡವಿದ, ಎಳೆದ. ಸೊಂಟದ ಚಾಕು ಕೈಜಾರಿ ಕಲ್ಲಿನ ಸಂದಿಗೆ ಬಿತ್ತು. ಆಮೇಲೆ ತಲೆಯೆತ್ತಿ ಅಂಗೈ ಚಾಚಿದ. ಅವಳಿಗೆ ಈಜು ಬರದು. ದೋಣಿಯಲ್ಲಿದ್ದ ಇನ್ನೊಂದು ಚಾಕುವನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟಳು. ಅದು ಅವನ ಕೈಗೇ ಹೋಗಬೇಕು, ಹೋಗಬೇಕಾದರೆ ಅವನು ಕಾಣುತ್ತಿರಬೇಕು. ಒಂದು ಕೈಯಲ್ಲಿ ಎಣ್ಣೆ ಸುರಿಯುತ್ತ, ಇನ್ನೊಂದರಲ್ಲಿ ದಾರ ಬಿಡುತ್ತ, ಕಟ್ಟೆಯ ಮೇಲೆ ಟಿಕೆಟ್ ಕೊಡುತ್ತಿದ್ದ ತನ್ನ ತಮ್ಮನನ್ನು ಕೂಗಿದಳು.

"ಬಾರೋ! ನಿಮ್ಮ ಭಾವ ಸಿಕ್ಕಿಕೊಂಡಿದ್ದಾರೆ ಕಣೋ!"

ಕೈಗೆ ಸಿಕ್ಕ ಮೋಟಾರು ದೋಣಿ ಹತ್ತಿ ತಮ್ಮ ಬಾಣದಂತೆ ಬಂದ.

ಚಾಕು ಗಂಡನ ಬೆರಳಿನಿಂದ ಇನ್ನೊಂದು ಗೇಣು ದೂರವಿತ್ತು. "ನಿಧಾನ! ಅಲೆ ಎಬ್ಬಿಸಬೇಡ ಕಣೋ!" ಎಂದು ಅವಳು ಕಿರುಚಿದ್ದು ಮೋಟಾರಿನ ಸದ್ದಿನಲ್ಲಿ ಕೇಳಿಸಲೇ ಇಲ್ಲ. ದೋಣಿ ನಿಂತಿತು, ಅದು ಎಬ್ಬಿಸಿದ ಅಲೆಗಳು ನಿಲ್ಲಲಿಲ್ಲ. ಕಿಟಕಿ ಚೂರುಚೂರಾಯಿತು. ಗಂಡ ನೂರು ತುಂಡಾಗಿ ಅಲುಗಾಡಿ ಮಾಯವಾದ. ಅವಳು ಎಣ್ಣೆಯ ಡಬ್ಬಿಯನ್ನೇ ಬೋರಲು ಹಾಕಿದಳು. ಅಲೆಗಳು ಕಟ್ಟೆಯ ಕಲ್ಲುಗೋಡೆಗೆ ಬಡಿದು ತಿರುಗಿ ಬಂದವು, ಮತ್ತೆ ಬಂದವು.

"ಎಲ್ಲಿ ಅಕ್ಕಾ? ಎಲ್ಲಿ ಭಾವ?"

"ಇಲ್ಲೇ! ಈಗಿನ್ನೂ ಇಲ್ಲೇ ಕಾಣ್ತಿದ್ರು!"

ಅಂದಾಜಿನ ಮೇಲೆ ತಮ್ಮ ಧುಮುಕಿದ, ಬರಿಗೈಯಲ್ಲಿ ಮೇಲೆ ಬಂದ, ಮತ್ತೆ ಧುಮುಕಿದ.

ನೀರು ನಿಲ್ಲುವ ಹೊತ್ತಿಗೆ ಚಾಕು ಗಂಡನ ತೆರೆದ ಅಂಗೈಯ ಮೇಲೆಯೇ ಮಲಗಿತ್ತು. ಅವಳು ದಾರವನ್ನು ಮೆಲ್ಲಗೆ ಜಗ್ಗಿದಳು.

"ಹಿಡ್ಕೊಳ್ರೀ," ಎಂದಳು. "ಕೈಗೇ ಬಂದಿದೆ, ಹಿಡ್ಕೊಳ್ರೀ."