ಪ್ರೇಮಮ್ಮ ತರಿಸಿದ ಮೂರು ಹಾಳೆ

ಅಜ್ಜಂಪುರದಿಂದ ಬುಕ್ಕಾಂಬುಧಿಗೆ ಹೋಗುವ ದಾರಿಯಲ್ಲಿ ಪ್ರೇಮಮ್ಮನ ಹಿಟ್ಟಿನ ಗಿರಣಿ ಇದೆ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಮೋಟರು ಶುರುವಾದರೆ ಅರ್ಧ ಬೀದಿಗೆ ಗೊತ್ತಾಗುತ್ತದೆ. ಲಿಂಗದಹಳ್ಳಿ ಕಡೆಯಿಂದ ಸೊಸೆಯಾಗಿ ಬಂದವಳು ಮಾವನಿಂದ ಕೆಲಸ ಕಲಿತು, ಇಪ್ಪತ್ತೆರಡು ವರ್ಷದಿಂದ ಗಿರಣಿಯನ್ನು ತಾನೇ ನಡೆಸುತ್ತಿದ್ದಾಳೆ. ಬಾಯಿ ಜೋರು, ಕೈ ಶುದ್ಧ. ಈ ಎರಡು ಮಾತನ್ನೂ ಆ ಬೀದಿಯಲ್ಲಿ ಯಾರೂ ಅಲ್ಲಗಳೆಯುವುದಿಲ್ಲ.

ಕೈ ಶುದ್ಧ ಅನ್ನುವುದು ಗಿರಣಿಯವರಿಗೆ ಸಣ್ಣ ಮಾತಲ್ಲ. ಗೋಧಿ ಬೀಸಿದ ಮೇಲೆ ಕಲ್ಲಿನ ಸಂದಿಯಲ್ಲಿ ಒಂದಷ್ಟು ಹಿಟ್ಟು ಉಳಿದೇ ಉಳಿಯುತ್ತದೆ. ಹಿಂದೆಯೇ ರಾಗಿ ಹಾಕಿದರೆ ಎರಡೂ ಬೆರೆಯುತ್ತವೆ. ಅದಕ್ಕೇ ಪ್ರೇಮಮ್ಮ ರಾಗಿಯವರನ್ನೆಲ್ಲ ಒಟ್ಟಿಗೆ ಮುಗಿಸಿ ಗೋಧಿಯವರನ್ನು ಆಮೇಲೆ ಕರೆಯುತ್ತಾಳೆ. ಕಾಳು ಬದಲಾಗುವಾಗ ತನ್ನದೇ ಒಂದೆರಡು ಹಿಡಿ ಕಾಳು ಹಾಕಿ, ಬಂದ ಬೆರಕೆ ಹಿಟ್ಟನ್ನು ಬೇರೆ ಡಬ್ಬಕ್ಕೆ ಸುರಿಯುತ್ತಾಳೆ. ಅದಕ್ಕೆ ಅವಳಿಟ್ಟ ಹೆಸರು ಕಲ್ಲಿನ ಪಾಲು. ಆ ಡಬ್ಬ ಸಂಜೆಯಾದರೆ ಪಕ್ಕದ ಮನೆ ಮಲ್ಲಿಕಾಂಬಳ ಹಸುವಿನ ಕಲಗಚ್ಚಿಗೆ ಹೋಗುತ್ತಿತ್ತು. "ತಗೊಂಡೋಗೇ, ಹಸು ತಿನ್ಲಿ" ಅಂತ ದಿನಾ ಕರೆದು ಕೊಡುತ್ತಿದ್ದವಳು ಪ್ರೇಮಮ್ಮನೇ. ಈಗ ಡಬ್ಬ ತುಂಬಿ ಹುಳ ಬಿದ್ದಿದೆ.

ಆದದ್ದು ಇಷ್ಟೆ. ಗಿರಣಿಗೂ ಮಲ್ಲಿಕಾಂಬಳ ಮನೆಗೂ ನಡುವೆ ಒಂದೇ ಗೋಡೆ. ಪ್ರೇಮಮ್ಮನ ಸ್ವಂತ ಮನೆ ಇರುವುದು ಎರಡು ಬೀದಿ ಆಚೆ. ಹೋದ ವರ್ಷ ಮಲ್ಲಿಕಾಂಬಳ ಗಂಡ ಕರಿಸಿದ್ದಪ್ಪ ಲಕ್ವ ಹೊಡೆದು ಮಂಚ ಹಿಡಿದ. ಬೆಳಗ್ಗೆ ಆರಕ್ಕೇ ಮೋಟರು ಹಾಕಬೇಡ ಎಂದು ಮಲ್ಲಿಕಾಂಬ ಎರಡು ಸಲ ಬಂದು ಹೇಳಿದಳು. ಹೊಲಕ್ಕೆ ಹೋಗುವವರು ಬರುವುದೇ ಆ ಹೊತ್ತಿಗೆ, ಪ್ರೇಮಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರನೆಯ ಸಲ ಮಲ್ಲಿಕಾಂಬ ಮಾತೇ ಆಡಲಿಲ್ಲ. ಸೀದಾ ಒಳಗೆ ಬಂದು ಮೇನ್ ಸ್ವಿಚ್ ಎಳೆದಳು. ಗೋಧಿ ತುಂಬಿದ್ದ ಕಲ್ಲು ಕಚ್ಚಿಕೊಂಡು ನಿಂತಿತು. ಆಮೇಲೆ ಬೀದಿಯಲ್ಲಿ ಇಬ್ಬರೂ ಆಡಿದ ಮಾತು ಬರೆಯುವಂಥದ್ದಲ್ಲ.

ಮಲ್ಲಿಕಾಂಬ ಪೊಲೀಸ್ ಸ್ಟೇಷನ್ನಿಗೆ ಅರ್ಜಿ ಕೊಟ್ಟಳು. ಅವರು ಇಬ್ಬರನ್ನೂ ಕರೆಸಿ, ಪ್ರೇಮಮ್ಮನ ಹೇಳಿಕೆ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡು, ಹೊಂದಿಕೊಂಡು ಹೋಗಿ ಎಂದು ಕಳಿಸಿದರು. ಹೆಡ್ ಕಾನ್‌ಸ್ಟೇಬಲ್ ನಿಧಾನವಾಗಿಯೇ ಓದಿದ್ದರು. ಪ್ರೇಮಮ್ಮ ಮಾತ್ರ ಮಲ್ಲಿಕಾಂಬಳನ್ನು ದುರುಗುಟ್ಟಿ ನೋಡುತ್ತಲೇ ಹೂಂಗುಟ್ಟಿದ್ದಳು.

ಅಲ್ಲಿಗೆ ಮುಗಿಯಬೇಕಿತ್ತು. ತಿಂಗಳಾದ ಮೇಲೆ ರಾಗಿ ಬೀಸಿಸಲು ಬಂದ ತಿಪ್ಪೇಶ್ ಬಾಯಿಬಿಟ್ಟ. ಅವನದು ಟೀ ಅಂಗಡಿ, ಸ್ಟೇಷನ್ನಿಗೂ ಅವನೇ ಟೀ ಕೊಡುವುದು.

"ಪ್ರೇಮಕ್ಕಾ, ನಿಮ್ ಜಗಳದ ಕಾಗ್ದದಾಗೆ ಹಿಟ್ಟು ಕದ್ದಿರೋ ವಿಷ್ಯ ಐತಂತೆ. ಯಾರೋ ಮಾತಾಡ್ತಿದ್ರು, ಕಿವಿಗ್ ಬಿತ್ತು."

"ಹಿಟ್ಟು ಕದ್ದಿರೋದಾ? ಯಾರು ಕದ್ದಿರೋದು?"

"ಅದ್ ನಂಗೊತ್ತಿಲ್ಲ ಕಣಕ್ಕ. ಲೋಟ ಎತ್ಕೊಂಡು ಬಂದ್ಬಿಟ್ಟೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳ. ಪ್ರೇಮಮ್ಮ ಕದಿಯದೆಯೂ ಮುಟ್ಟಿ ನೋಡಿಕೊಂಡಳು. ಹಿಟ್ಟಿನ ಕಳ್ಳತನ ಅಂದಮೇಲೆ ಗಿರಣಿಯವಳನ್ನು ಬಿಟ್ಟು ಇನ್ಯಾರ ಮೇಲೆ ಹೊರಿಸುತ್ತಾರೆ? ವಾರದೊಳಗೆ ಮಾತು ಬೀದಿ ಸುತ್ತಿತು. ಹಳೆಯ ಗಿರಾಕಿ ಓಬಮ್ಮ ತನ್ನ ಹಿಟ್ಟಿನ ಚೀಲವನ್ನು ಎತ್ತಿ, ಇಳಿಸಿ, ಮತ್ತೊಮ್ಮೆ ಎತ್ತಿ ನೋಡಿದ್ದನ್ನು ಕಂಡ ದಿನ ಪ್ರೇಮಮ್ಮನಿಗೆ ಊಟ ಸೇರಲಿಲ್ಲ. ಇಪ್ಪತ್ತೆರಡು ವರ್ಷದ ಹೆಸರು ಹೀಗೆ ಹೋಗುವುದನ್ನು ಅವಳು ನೋಡಲಾರಳು.

"ಆ ಕಾಗ್ದ ತರಿಸ್ತೀನಿ. ಈ ಗೋಡೆಗೇ ಅಂಟಿಸ್ತೀನಿ. ಸುಳ್ಳು ಬರ್ಕೊಟ್ಟವಳ ಬಣ್ಣ ಊರೇ ನೋಡ್ಲಿ," ಎಂದು ಎಲ್ಲರೆದುರು ಶಪಥ ಮಾಡಿದಳು.

ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಕೆಂಪರಾಜು ಮಾಹಿತಿ ಹಕ್ಕಿನ ಅರ್ಜಿ ಬರೆದುಕೊಟ್ಟ.

"ಅವರ ಅರ್ಜಿ, ನಿಮ್ ಹೇಳಿಕೆ, ಹಿಂಬರಹ, ಎಲ್ಲಾನೂ ಕೇಳಾಣ ಕಣಮ್ಮ."

"ನಂದ್ಯಾಕಪ್ಪ? ನಾನೇನ್ ಹೇಳ್ದೆ ಅಂತ ನಂಗೊತ್ತಿಲ್ವಾ?"

"ಇರ್ಲಿ ಬಿಡಿ. ಒಂದ್ ಹಾಳೆ ಜಾಸ್ತಿ ಬಂದ್ರೆ ಭಾರ ಆಗಲ್ಲ."

ತಿಂಗಳು ಕಳೆದರೂ ಏನೂ ಬರಲಿಲ್ಲ. ಸ್ಟೇಷನ್ನಿನಲ್ಲಿ ಕೇಳಿಕೊಂಡು ಬಂದ ಕೆಂಪರಾಜು, ಕಾಗದ ಮಲ್ಲಿಕಾಂಬಳದ್ದೂ ಆದ್ದರಿಂದ ಅವಳ ಅಭ್ಯಂತರ ಕೇಳಿದ್ದಾರೆ, ಧಾರಾಳವಾಗಿ ಕೊಡಿ ಎಂದಿದ್ದಾಳೆ ಎಂದ. ಎಷ್ಟು ಸೊಕ್ಕು ನೋಡು ಎಂದು ಪ್ರೇಮಮ್ಮ ಹಲ್ಲು ಕಡಿದಳು.

ಕೊನೆಗೊಂದು ಮಧ್ಯಾಹ್ನ, ಕರೆಂಟು ಹೋಗಿ ಗಿರಣಿ ಖಾಲಿಯಿದ್ದಾಗ ಪೋಸ್ಟಿನವನು ಲಕೋಟೆ ಕೊಟ್ಟ. ಒಳಗೆ ಮೂರು ಹಾಳೆ. ಮೊದಲನೆಯದು ಮಲ್ಲಿಕಾಂಬಳ ಅರ್ಜಿ. 'ನನ್ನ ಗಂಡನಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಬೆಳಗಿನ ಜಾವ ಸ್ವಲ್ಪ ಕಣ್ಣು ಹತ್ತುತ್ತದೆ. ಗೋಡೆ ಅದುರಿದರೆ ಬೆಚ್ಚಿ ಎದ್ದು ಅಳುತ್ತಾರೆ. ಎಂಟು ಗಂಟೆಯ ಮೇಲೆ ಗಿರಣಿ ನಡೆಸಿಕೊಳ್ಳಲಿ. ಪ್ರೇಮಮ್ಮನವರ ಮೇಲೆ ಬೇರೆ ಯಾವ ದೂರೂ ಇಲ್ಲ. ಅವರು ನ್ಯಾಯವಂತರು.'

ಪ್ರೇಮಮ್ಮ ಹಾಳೆಯ ಹಿಂಬದಿಯನ್ನೂ ತಿರುಗಿಸಿ ನೋಡಿದಳು. ಹಿಟ್ಟಿನ ಮಾತೇ ಇಲ್ಲ.

ಅದು ಎರಡನೆಯ ಹಾಳೆಯಲ್ಲಿತ್ತು. 'ಮಲ್ಲಿಕಾಂಬ ಎಂಬುವರು ನಮ್ಮ ಗಿರಣಿಯಿಂದ ದಿನವೂ ಹಿಟ್ಟು ಕದ್ದು ಒಯ್ಯುತ್ತಿದ್ದರು. ನಾನು ತಡೆದಿದ್ದಕ್ಕೆ ಈ ಸುಳ್ಳು ದೂರು ಕೊಟ್ಟಿದ್ದಾರೆ.' ಕೆಳಗೆ ದುಂಡು ಅಕ್ಷರದಲ್ಲಿ ಅವಳದೇ ಸಹಿ.

ಮೂರನೆಯದು ಸ್ಟೇಷನ್ನಿನವರ ಹಿಂಬರಹ, ಅದನ್ನು ಅವಳು ಓದಲಿಲ್ಲ. ನೆತ್ತಿಗೇರಿದ ಸಿಟ್ಟಿನಲ್ಲಿ ಅವತ್ತು ಹೊಟ್ಟೆಯೊಳಗಿದ್ದದ್ದನ್ನೆಲ್ಲ ಕಕ್ಕಿದ್ದು ನೆನಪಿತ್ತು, ಏನು ಕಕ್ಕಿದೆ ಎಂಬುದು ನೆನಪಿರಲಿಲ್ಲ. ತನ್ನ ಕೈಯಿಂದ ಕೊಟ್ಟ ಹಿಟ್ಟಿಗೆ ತನ್ನ ಬಾಯಿಂದ ಕಳ್ಳತನದ ಹೆಸರು. ಅವಳಿಗೆ ನಾಚಿಕೆಯಾಯಿತು. ಹರಿದು ಒಲೆಗೆ ಹಾಕಿದರೆ ಕೇಳುವವರು ಯಾರು? 'ಕಾಗದದಲ್ಲಿ ಏನೂ ಇಲ್ಲವಂತೆ' ಎಂದರೆ ತನ್ನ ಹೆಸರು ಉಳಿಯುತ್ತದೆ. ಹಾಳೆಗಳನ್ನು ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಳು. ಹರಿಯಲು ಕೈ ಬರಲಿಲ್ಲ.

ಮರುದಿನ ಆರಕ್ಕೆ ರೂಢಿಯ ಬಲದಲ್ಲೇ ಮೋಟರು ಹಾಕಿದಳು. ಐದಾರು ಜನ ಚೀಲ ಹಿಡಿದು ನಿಂತಿದ್ದರು. ತಿಪ್ಪೇಶ್ ಆ ಸದ್ದಿನ ಮೇಲೆ ಕೂಗಿ ಕೇಳಿದ, "ಅಕ್ಕಾ, ಕಾಗ್ದ ಬಂತಂತೆ? ಏನೈತೆ ಅದ್ರಾಗೆ?"

ಎಲ್ಲರೂ ಅವಳ ಕಡೆ ತಿರುಗಿದರು. ಓಬಮ್ಮನೂ ಅಲ್ಲಿದ್ದಳು. ಪ್ರೇಮಮ್ಮ ಹೋಗಿ ಮೇನ್ ಸ್ವಿಚ್ ಎಳೆದಳು. ಖಾಲಿ ಕಲ್ಲು ನಾಲ್ಕು ಸುತ್ತು ತಿರುಗಿ ನಿಂತಿತು.

"ಹಿಟ್ಟು ಕದ್ಲು ಅಂತ ಬರೆಸಿದ್ದು ನಾನು. ಮಲ್ಲಿಕಾಂಬನ ಮೇಲೆ. ಸುಳ್ಳು ಅದು. ನಾನೇ ಕರೆದು ಕೊಡ್ತಿದ್ದೆ. ಅವಳು ನನ್ನ ನ್ಯಾಯವಂತೆ ಅಂತ ಬರ್ದವ್ಳೆ."

ಮೋಟರು ನಿಂತಿದ್ದರಿಂದ ಗೋಡೆಯಾಚೆಯಿಂದ ಗಂಡಸೊಬ್ಬ ಅಳುವುದು ಕೇಳಿಸಿತು. ಇಷ್ಟು ದಿನವೂ ಅವನು ಅತ್ತಿರಬೇಕು, ಮೋಟರಿನ ಸದ್ದಿನಲ್ಲಿ ಈಚೆಗೆ ಕೇಳಿರಲಿಲ್ಲ. ಹಿಂದೆಯೇ ಮಲ್ಲಿಕಾಂಬಳ ದನಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ:

"ನಿಂತೋಯ್ತು ಕಣ್ರೀ, ನಿಂತೋಯ್ತು. ಮಲಕ್ಕಳಿ."

"ಎಂಟಕ್ಕೆ ಬನ್ನಿ," ಎಂದಳು ಪ್ರೇಮಮ್ಮ, ತುಟಿ ಮಾತ್ರ ಅಲ್ಲಾಡಿಸಿ. ಜನ ಚೀಲಗಳನ್ನು ಸಾಲಿನಲ್ಲೇ ಬಿಟ್ಟು ಒಬ್ಬೊಬ್ಬರಾಗಿ ಹೊರಟರು. ರೋಲಿಂಗ್ ಶಟರ್ ಎಳೆಯಲು ಹೋದ ತಿಪ್ಪೇಶನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಅದೂ ಸದ್ದು ಮಾಡುತ್ತದೆ.